ಆಹ್ತಿಯ ರೈಫಲ್ಲಿಗೆ ಹೊಸ ಹಿತ್ತಾಳೆ

ಸೌಕ್ಕೊವಾರಾ, ಫಿನ್‌ಲೆಂಡ್
14 ಮೇ 1993

ಆಹ್ತಿ,

ಕೆರೆಯ ಮಂಜುಗಡ್ಡೆ ಮೊನ್ನೆ ಒಡೆಯಿತು. ನಾನು ಬದುಕಿದ್ದೇನೆ. ಸುತ್ತಿ ಬಳಸಿ ಬರೆಯುವುದು ನನಗೆ ಬಾರದು, ನೇರ ವಿಷಯಕ್ಕೆ ಬರುತ್ತೇನೆ.

ನೀನು ಸ್ವೀಡನ್ನಿನ ಕಾರ್ಖಾನೆಗೆ ಸೇರಿ ಇಪ್ಪತ್ನಾಲ್ಕು ವರ್ಷವಾಯಿತು. ಅದರಲ್ಲಿ ಇಪ್ಪತ್ತೊಂದು ವರ್ಷ ಮೂಸ್ ಕಡವೆ ಬೇಟೆಗೆ ತಪ್ಪದೆ ಊರಿಗೆ ಬಂದೆ. ಕಳೆದ ಮೂರು ವರ್ಷ ಬರಲಿಲ್ಲ. ನಾಲ್ಕು ವರ್ಷ ಸತತವಾಗಿ ಬಾರದವನ ಹೆಸರು ಹೊಡೆದು, ಅವನು ಕೂರುವ ಜಾಗವನ್ನು ಬೇರೆಯವರಿಗೆ ಕೊಡುವುದು ನಮ್ಮ ಬೇಟೆ ಸಂಘದ ಪದ್ಧತಿ. ನಿನಗೆ ಇದು ನಾಲ್ಕನೆಯ ವರ್ಷ. ಅಧ್ಯಕ್ಷ ತೌನೋ ಮೊನ್ನೆ ಹಾಲಿನ ಡೇರಿಯ ಮುಂದೆ ನನ್ನನ್ನು ನಿಲ್ಲಿಸಿಕೊಂಡು, "ನಿನ್ನ ದೋಸ್ತ ಬರ್ತಾನೋ ಇಲ್ವೋ ಒಂದು ಮಾತು ಹೇಳ್ಬಿಡಪ್ಪ. ಜಾಗ ಕೇಳೋರು ಇದಾರೆ" ಎಂದ. "ಬರ್ತಾನೆ ಕಣೋ, ಬರದೆ ಎಲ್ಲಿಗೆ ಹೋಗ್ತಾನೆ" ಎಂದು ಹೇಳಿ ಬಂದೆ. ಈಗ ನನ್ನ ಮಾನ ನಿನ್ನ ಕೈಯಲ್ಲಿದೆ.

ಗುರಿ ಪರೀಕ್ಷೆ ಆಗಸ್ಟ್ 22ರ ಭಾನುವಾರ. ನಿನ್ನ ಹಳೆಯ ಪರೀಕ್ಷೆಯ ಅವಧಿ ಮುಗಿದಿದೆ, ಮತ್ತೆ ನಾಲ್ಕು ಗುಂಡು ಹೊಡೆದು ತೋರಿಸಬೇಕು. ನಿನ್ನ ರೈಫಲ್ಲು ನನ್ನ ಬೀರುವಿನಲ್ಲಿ ಭದ್ರವಾಗಿದೆ, ಪರವಾನಗಿಯಲ್ಲಿ ಇಬ್ಬರ ಹೆಸರೂ ಇದೆ. ಆದರೆ ಅದರ ತೋಟೆಗಳ ಕತೆ ಮುಗಿಯಿತು. ಒಂಬತ್ತು ಸಲ ಮದ್ದು ತುಂಬಿದ ಹಿತ್ತಾಳೆ ಅದು, ನಾಲ್ಕಾರು ಗುಂಡು ಕೂರುವ ಕುತ್ತಿಗೆಯಲ್ಲೇ ಸೀಳಿವೆ. ಹೊಸ ಖಾಲಿ ತೋಟೆ ಕೊಳ್ಳಬೇಕು. ಕಾಯಾನಿ ಪಟ್ಟಣದ ಅಂಗಡಿಯಲ್ಲಿ ಮೂರು ಬಗೆಯವು ಸಿಗುತ್ತವೆ: ನಮ್ಮ ದೇಶದ್ದು, ಚೆಕ್ ಜನರದ್ದು, ಅಮೆರಿಕದ್ದು. ಯಾವುದು ಕೊಳ್ಳಲಿ? ಜೀವಮಾನವೆಲ್ಲ ಹಿತ್ತಾಳೆ ಕರಗಿಸಿದವನು ನೀನು, ಹೇಳು.

ಜೌಗಿನ ಅಂಚಿನಲ್ಲಿ ನಿನ್ನ ಜಾಗ ಖಾಲಿ ಇದೆ. ಬೇಟೆಯ ದಿನ ನಾನು ಆ ಕಡೆ ತಿರುಗಿ ನೋಡುವುದನ್ನು ಇನ್ನೂ ಬಿಟ್ಟಿಲ್ಲ.

ಸುಲೋ


ವೆಸ್ಟೆರೋಸ್, ಸ್ವೀಡನ್
9 ಜೂನ್ 1993

ಪ್ರಿಯ ಸುಲೋ,

ಉತ್ತರ ತಡವಾಯಿತು. ಇಲ್ಲಿ ಸ್ವಲ್ಪ ಕೆಲಸವಿತ್ತು.

ಹಿತ್ತಾಳೆಯ ವಿಷಯದಲ್ಲಿ ಅವಸರ ಬೇಡ. ಅಂಗಡಿಯವನು ಹೊಳೆಯುವುದನ್ನು ತೋರಿಸಿ ಮಾರುತ್ತಾನೆ. ಹೊಳಪಿಗೂ ಗುಣಕ್ಕೂ ಸಂಬಂಧವಿಲ್ಲ. ನೀನು ನೋಡಬೇಕಾದದ್ದು ಮೂರೇ. ಒಂದು, ಎಲ್ಲವೂ ಒಂದೇ ತೂಕ ಇವೆಯೇ ಎಂದು. ಒಂದರಲ್ಲಿ ಲೋಹ ಹೆಚ್ಚಿದ್ದರೆ ಒಳಗಿನ ಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು, ಗುಂಡು ಬೇರೆ ಕಡೆ ಹೋಗುತ್ತದೆ. ಎರಡು, ಕುತ್ತಿಗೆಯ ದಪ್ಪ ಸುತ್ತಲೂ ಸಮ ಇದೆಯೇ ಎಂದು. ಒಂದು ಕಡೆ ತೆಳ್ಳಗಿದ್ದರೆ ಗುಂಡು ಓರೆಯಾಗಿ ಕೂರುತ್ತದೆ. ಮೂರು, ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು ಬಿಗಿಯಾಗಿ ಕೂರುತ್ತದೆಯೇ ಎಂದು. ಸಡಿಲವಾದರೆ ಆ ಹಿತ್ತಾಳೆಗೆ ಆಯಸ್ಸಿಲ್ಲ.

ಕುತ್ತಿಗೆಯನ್ನು ಕಾಯಿಸಿ ಮೆದು ಮಾಡಿದ ಬಣ್ಣದ ಗುರುತು ಒಳ್ಳೆಯ ಕಾರ್ಖಾನೆಯದರಲ್ಲಿ ಉಳಿದಿರುತ್ತದೆ. ಅದನ್ನು ನೀನೇ ನೋಡಿಕೊ.

ಪರೀಕ್ಷೆಯ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಹಿತ್ತಾಳೆ ತೀರ್ಮಾನವಾಗಲಿ.

ಆಹ್ತಿ


ಸೌಕ್ಕೊವಾರಾ
26 ಜೂನ್ 1993

ಆಹ್ತಿ,

ಕಾಗದ ಬಂತು. ಮತ್ತೆ ಟೈಪ್ ಮಾಡಿದ್ದೀಯ. ತೆರಿಗೆ ಕಚೇರಿಯವರ ನೋಟಿಸೇನೋ ಎಂದು ಲಕೋಟೆ ಒಡೆಯಲೇ ಹೆದರಿದೆ. ನಿನ್ನ ಕೋಳಿ ಕಾಲಿನ ಅಕ್ಷರ ಏನಾಯಿತು ಮಾರಾಯ? ಓದಲು ಕಷ್ಟವಾದರೂ ಅದರಲ್ಲಿ ನೀನಿರುತ್ತಿದ್ದೆ. ಸ್ವೀಡನ್ನಿನಲ್ಲಿ ದೊಡ್ಡ ಮನುಷ್ಯರಾದವರು ಕೈಯಲ್ಲಿ ಬರೆಯುವುದಿಲ್ಲವೋ ಏನೋ.

ಇಂದು ನಡುಬೇಸಗೆಯ ಹಬ್ಬ. ಕೆರೆಯ ದಡದಲ್ಲಿ ಎಲ್ಲರೂ ಬೆಂಕಿ ಹಾಕಿದ್ದಾರೆ. ನಾನು ಹಬೆಸ್ನಾನದ ಸೌನಾ ಕಾಯಿಸಿ, ಒಬ್ಬನೇ ಕೂತು, ಇಬ್ಬರಿಗಾಗುವಷ್ಟು ನೀರು ಬಿಸಿ ಮಾಡಿಬಿಟ್ಟೆ. ಎಲ್ಮಾ ಹೋಗಿ ಎರಡು ವರ್ಷ ದಾಟಿತು. ನೀರಿನ ಅಳತೆ ಕೈಗೆ ಇನ್ನೂ ತಿಳಿದಿಲ್ಲ. ಹೆಂಡತಿ ಸತ್ತವರು ಹಬ್ಬದ ದಿನ ಬೇರೆಯವರ ಮನೆಗೆ ಹೋಗಬಾರದು, ಹೋದರೆ ಎಲ್ಲರೂ ಮೆಲ್ಲಗೆ ಮಾತಾಡತೊಡಗುತ್ತಾರೆ.

ಹೇಳಬಾರದು ಎಂದುಕೊಂಡಿದ್ದೆ. ಅವಳ ಮಣ್ಣಿಗೆ ನೀನು ಬರಲಿಲ್ಲ. ಹೂವಿನ ಚಕ್ರ ಬಂತು, ಅದರ ಚೀಟಿಯಲ್ಲೂ ಟೈಪ್ ಮಾಡಿದ ಎರಡು ಸಾಲು. ಇರಲಿ, ಅದು ಆಯಿತು.

ಹಿತ್ತಾಳೆ ತೂಗಿ ನೋಡು, ಅಳೆದು ನೋಡು ಎಂದು ಬರೆದೆಯಲ್ಲ, ನನ್ನ ಕೈ ಈಗ ಸ್ವಲ್ಪ ನಡುಗುತ್ತದೆ. ಮೂರೂ ಬಗೆಯಲ್ಲಿ ಹತ್ತು ಹತ್ತು ಕೊಂಡು ನಿನಗೇ ಕಳಿಸುತ್ತೇನೆ. ಖಾಲಿ ಹಿತ್ತಾಳೆಗೆ ಅಂಚೆಯವರ ಅಡ್ಡಿಯಿಲ್ಲ, ಕೇಳಿದ್ದೇನೆ. ನೀನೇ ಆರಿಸು. ಮತ್ತೆ ನೆಪ ಹೇಳಬೇಡ.

ಸುಲೋ


ವೆಸ್ಟೆರೋಸ್
10 ಜುಲೈ 1993

ಪ್ರಿಯ ಸುಲೋ,

ಕಳಿಸು. ನೋಡುತ್ತೇನೆ. ಬೇರೆ ಬೇರೆ ಚೀಲದಲ್ಲಿ ಕಟ್ಟು: ನಮ್ಮ ದೇಶದ್ದಕ್ಕೆ ದಾರದಲ್ಲಿ ಒಂದು ಗಂಟು, ಚೆಕ್ಕಿನದ್ದಕ್ಕೆ ಎರಡು, ಅಮೆರಿಕದ್ದಕ್ಕೆ ಮೂರು. ಚೀಟಿ ಬರೆದರೆ ದಾರಿಯಲ್ಲಿ ಹರಿದುಹೋಗುತ್ತದೆ. ನನ್ನ ಹಳೆಯವನ್ನೂ ಕೆಲವು ಹಾಕು.

ಎಲ್ಮಾಳ ವಿಷಯ ನಿನಗೆ ಬರೆಯಬೇಕು ಎಂದು ಕೂತರೆ ಆಗುವುದಿಲ್ಲ. ಅವಳ ಕೈಯ ಕೆಂಪು ಹಣ್ಣಿನ ರೈ ಹಿಟ್ಟಿನ ರೊಟ್ಟಿ ಇಪ್ಪತ್ತೊಂದು ವರ್ಷ ತಿಂದವನು ನಾನು.

ಇಲ್ಲಿ ಬೇಸಗೆ. ಹಬ್ಬಕ್ಕೆ ಕಟ್ಟಡವೆಲ್ಲ ಖಾಲಿಯಾಯಿತು. ನಾಲ್ಕು ದಿನ ಲಿಫ್ಟಿನ ಸದ್ದೂ ಇರಲಿಲ್ಲ.

ಆಹ್ತಿ


ಸೌಕ್ಕೊವಾರಾ
19 ಜುಲೈ 1993

ಆಹ್ತಿ,

ಡಬ್ಬಿ ಇಂದು ಹೊರಟಿತು. ಗಂಟುಗಳನ್ನು ನೀನು ಹೇಳಿದಂತೆಯೇ ಹಾಕಿದ್ದೇನೆ. ಅಂಚೆಯ ಹೆಂಗಸು, "ಏನ್ರೀ ಇದು, ಇಷ್ಟು ಭಾರ? ಚಿನ್ನವಾ?" ಎಂದಳು. "ಅದಕ್ಕಿಂತ ಹೆಚ್ಚು ಕಣಮ್ಮ, ಇದನ್ನು ನೋಡೋಕೆ ಒಬ್ಬ ಮನುಷ್ಯನಿಗೆ ಬಿಡುವಾಗಿದೆ" ಎಂದೆ. ನಾಲ್ಕನೆಯ ಚೀಲದಲ್ಲಿ, ನಾಲ್ಕು ಗಂಟು, ನಿನ್ನ ಹಳೆಯವು ಹನ್ನೆರಡಿವೆ. ಅವು ಹೇಗಿವೆ ಎಂದೂ ಬರಿ. ಮುಚ್ಚುಮರೆ ಬೇಡ, ಬೈಯುವುದಿದ್ದರೆ ಬೈದುಬಿಡು.

ಪರೀಕ್ಷೆಗೆ ಇನ್ನು ಐದು ವಾರ ಉಳಿದಿದೆ. ಶನಿವಾರವೇ ಬಂದುಬಿಡು, ಮೇಲಿನ ಕೋಣೆಗೆ ಸುಣ್ಣ ಬಳಿದಿದ್ದೇನೆ.

ಸುಲೋ


ವೆಸ್ಟೆರೋಸ್
5 ಆಗಸ್ಟ್ 1993

ಪ್ರಿಯ ಸುಲೋ,

ನಾಲ್ಕು ದಿನ ಇದರಲ್ಲೇ ಕೂತಿದ್ದೆ. ಬಹಳ ಕಾಲದ ಮೇಲೆ ದಿನ ಹೋದದ್ದು ತಿಳಿಯಲಿಲ್ಲ.

ಅಮೆರಿಕದ್ದು ಬೇಡ. ಹತ್ತರಲ್ಲಿ ನಾಲ್ಕು ಉಳಿದವಕ್ಕಿಂತ ಭಾರ, ಒಂದರ ಬುಡದ ತೂತಿನ ಒಳಗೆ ಲೋಹದ ಸಿಬಿರು ಬಿಟ್ಟಿದ್ದಾರೆ. ಚೆಕ್ಕಿನದು ಗಟ್ಟಿ, ಕೇಪಿನ ಜಾಗ ಬಹಳ ಬಿಗಿ, ಆದರೆ ಎರಡರ ಕುತ್ತಿಗೆ ಒಂದು ಬದಿ ತೆಳು. ಆರಿಸಿ ಕೊಳ್ಳುವ ತಾಳ್ಮೆಯಿದ್ದರೆ ಅದು ಕೆಟ್ಟದ್ದಲ್ಲ. ನಮ್ಮ ದೇಶದ್ದೇ ಕೊಳ್ಳು. ಹತ್ತೂ ಒಂದೇ ತಾಯಿಯ ಮಕ್ಕಳು. ದುಬಾರಿ ಎಂದು ಗೊಣಗಬೇಡ, ಹತ್ತು ಹನ್ನೆರಡು ಸಲ ತುಂಬಬಹುದು. ಐವತ್ತು ಕೊಂಡರೆ ಒಂದೇ ಪೆಟ್ಟಿಗೆಯದನ್ನು ಕೊಳ್ಳು, ಎರಡು ಪೆಟ್ಟಿಗೆ ಬೆರೆಸಬೇಡ.

ನನ್ನ ಹಳೆಯವು: ತಂತಿಯ ತುದಿ ಬಗ್ಗಿಸಿ ಒಳಗೆ ಆಡಿಸಿ ನೋಡಿದೆ. ಮೂರರಲ್ಲಿ ಬುಡಕ್ಕಿಂತ ಸ್ವಲ್ಪ ಮೇಲೆ ತಂತಿ ಹಳ್ಳಕ್ಕೆ ಸಿಕ್ಕುತ್ತದೆ. ಅವು ಇನ್ನೊಂದು ಸಲಕ್ಕೆ ಎರಡು ತುಂಡಾಗುತ್ತವೆ, ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಎಸೆ. ಉಳಿದ ಒಂಬತ್ತು ಚೆನ್ನಾಗಿವೆ. ಕಲೆಯಿಲ್ಲ, ಮಾಸಿಲ್ಲ, ನೀನು ಅವನ್ನು ಎಷ್ಟು ಜೋಪಾನ ಮಾಡಿದ್ದೀಯ ಎಂದು ತಿಳಿಯುತ್ತದೆ.

ಎಲ್ಲವನ್ನೂ ವಾಪಸು ಕಳಿಸುತ್ತಿದ್ದೇನೆ. 22ಕ್ಕೆ ಬರುವುದು ಕಷ್ಟ. ಮಂಡಿ ನೋವು. ಬೇಟೆಯ ಹೊತ್ತಿಗೆ ನೋಡೋಣ.

ಆಹ್ತಿ


ಸೌಕ್ಕೊವಾರಾ
12 ಆಗಸ್ಟ್ 1993

ಆಹ್ತಿ ಕೆರಾನೆನ್,

ಡಬ್ಬಿ ಬಂತು, ಅದರ ಜೊತೆ ನಿನ್ನ ವರದಿಯೂ ಬಂತು. ಯಾರ ಕೈಲಿ ಮಾಡಿಸಿದೆ?

ನಾಲ್ಕನೆಯ ಚೀಲದ ಹನ್ನೆರಡರಲ್ಲಿ ಐದು ನನ್ನ ಹಳೆಯ ಚರ್ಮದ ಬೆಲ್ಟಿನಲ್ಲಿ ಎರಡು ವರ್ಷ ಕೂತಿದ್ದವು. ಹಿತ್ತಾಳೆಯನ್ನು ಚರ್ಮದಲ್ಲಿಟ್ಟರೆ ಏನಾಗುತ್ತದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರಾರು? ಹಸಿರು ಕಿಲುಬು ಹಿಡಿದು ಅಸಹ್ಯವಾಗಿದ್ದವು. ಮೇಲಿನ ಪುಡಿ ಒರೆಸಿ, ಹಸಿರು ಕಪ್ಪು ಕಲೆಯನ್ನು ಹಾಗೇ ಬಿಟ್ಟು, ಬೇಕೆಂದೇ ಹಾಕಿದೆ. ಎಪ್ಪತ್ನಾಲ್ಕರಲ್ಲಿ ನೀನು ಇದೇ ಬೆಲ್ಟನ್ನು ನೋಡಿ ಇಡೀ ಸಂಘದ ಮುಂದೆ, "ಲೋ ಸುಲೋ, ಹಿತ್ತಾಳೆಗೆ ಪಾಚಿ ಬೆಳಸ್ತಾ ಇದೀಯೇನೋ? ಹೆಂಡ್ತಿ ಕೈಗೆ ಕೊಡೋ, ಅವಳಾದ್ರೂ ಚೆನ್ನಾಗಿ ಇಟ್ಕೋತಾಳೆ" ಎಂದು ಕೂಗಿದ್ದೆ. ಎಲ್ಲರೂ ನಕ್ಕಿದ್ದರು, ಎಲ್ಮಾಳೂ ನಕ್ಕಿದ್ದಳು. ಈ ಸಲವೂ ಹಾಗೆ ಬೈಯುತ್ತೀಯ ಎಂದು ಕಾದೆ. ದೆವ್ವ ಹಿಡಿಯಲಿ, ಬೈಗುಳಕ್ಕೆ ಕಾದು ಕೂತೆ ನಾನು, ಅರವತ್ತೆರಡು ವರ್ಷದ ಮುದುಕ! ದಿನಾ ಅಂಚೆ ಪೆಟ್ಟಿಗೆಗೆ ಹೋಗಿ ಬಂದೆ.

ನೀನು ಬರೆದದ್ದು "ಕಲೆಯಿಲ್ಲ, ಮಾಸಿಲ್ಲ, ಜೋಪಾನ ಮಾಡಿದ್ದೀಯ." ಕಣ್ಣಿದ್ದವನು ಬರೆಯುವ ಮಾತೇ ಇದು? ನಿನ್ನ ಹಳೆಯ ಕಾರ್ಖಾನೆಯ ಯಾರಿಗೋ ಡಬ್ಬಿ ಒಪ್ಪಿಸಿ, ಅವನು ಹೇಳಿದ್ದನ್ನು ಟೈಪ್ ಮಾಡಿಸಿ, ಕೊನೆಗೆ ಮುದುಕನಿಗೆ ಖುಷಿಯಾಗಲಿ ಎಂದು ಒಂದು ಸಾಲು ಸೇರಿಸಿದ್ದೀಯ. ಬೇಡವಾದವರ ಹತ್ತಿರ ಜನ ಹಾಗೆ ಮಾತಾಡುತ್ತಾರೆ. ಎಲ್ಮಾಳ ಚಕ್ರದ ಚೀಟಿಯಲ್ಲೂ ಅಂಥದೇ ಮಾತು ಇತ್ತು.

ಮಂಡಿ ನೋವಂತೆ. ಹೋದ ವರ್ಷ ಬೆನ್ನು, ಅದರ ಹಿಂದಿನ ವರ್ಷ ಜ್ವರ. ದೆವ್ವ ಹೊತ್ತುಕೊಂಡು ಹೋಗಲಿ ನಿನ್ನನ್ನೂ ನಿನ್ನ ಮಂಡಿಯನ್ನೂ. ಬರುವುದಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ಕೋಣೆಗೆ ಸುಣ್ಣ ಬಳಿಯುತ್ತಿರಲಿಲ್ಲ.

ಸುಲೋ ಪೀರಾಯ್ನೆನ್


ಸೌಕ್ಕೊವಾರಾ
23 ಆಗಸ್ಟ್ 1993

ಆಹ್ತಿ,

ನಿನ್ನೆ ಪರೀಕ್ಷೆ ಆಯಿತು. ನಿನ್ನ ರೈಫಲ್ಲಿನಲ್ಲಿ ನಾನೇ ಹೊಡೆದೆ, ನಮ್ಮ ದೇಶದ ಹೊಸ ಹಿತ್ತಾಳೆಯಲ್ಲಿ. ನಾಲ್ಕೂ ಗುಂಡು ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು, ನಡುಗುವ ಕೈಯಲ್ಲಿ. ಆರಿಸಿದವನು ಯಾರೇ ಇರಲಿ, ಕೆಲಸ ಬಲ್ಲವನು. ಅವನಿಗೆ ಹೇಳು.

ತೌನೋ ನಿನ್ನ ಹೆಸರನ್ನು ಎರಡು ಸಲ ಕೂಗಿ ನನ್ನ ಮುಖ ನೋಡಿದ. ನಾನು ಬೂಟಿನ ದಾರ ಕಟ್ಟಿಕೊಂಡೆ. ಸಂಘದ ಸಭೆ ಸೆಪ್ಟೆಂಬರ್ 18ಕ್ಕೆ, ಬೇಟೆ 25ಕ್ಕೆ.

ಸಿಟ್ಟಿನಲ್ಲಿ ಬರೆದ ಕಾಗದದ ಮಾತು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ನೀನು ಉತ್ತರ ಬರೆಯದಿರುವುದು ಅದಕ್ಕಿಂತ ಕೆಟ್ಟದ್ದಾಗಿದೆ.

ಸುಲೋ


ವೆಸ್ಟೆರೋಸ್
6 ಸೆಪ್ಟೆಂಬರ್ 1993

ಸುಲೋ,

ನಿನ್ನ ಎರಡು ಕಾಗದಗಳು ನನ್ನ ಮೇಜಿನ ಮೇಲೆ ಒಡೆಯದೆ ಬಿದ್ದಿದ್ದವು. ದಿನಕ್ಕೊಮ್ಮೆ ಕೈಯಲ್ಲಿ ಹಿಡಿದು ದಪ್ಪ ಎಷ್ಟಿದೆ ಎಂದು ನೋಡುತ್ತಿದ್ದೆ. ಓದುವವರಿರಲಿಲ್ಲ.

ನನಗೆ ಕಣ್ಣು ಕಾಣುವುದಿಲ್ಲ. ಇದನ್ನು ಬರೆಯಲು ಮೂರು ವರ್ಷ ಬೇಕಾಯಿತು, ಈಗ ನೋಡಿದರೆ ಇದು ಇಷ್ಟೇ ಇಷ್ಟು ವಾಕ್ಯ. ನಡುವೆ ಕಪ್ಪು, ಅಂಚಿನಲ್ಲಿ ಮಸುಕಾಗಿ ಏನೋ ಓಡಾಡುತ್ತದೆ. ಬಣ್ಣ ತಿಳಿಯುವುದಿಲ್ಲ. ಕಾರ್ಖಾನೆಯವರು ಅದಕ್ಕೇ ಬೇಗ ಪಿಂಚಣಿ ಕೊಟ್ಟು ಕಳಿಸಿದರು. ಟೈಪಿನ ಯಂತ್ರ ಇಲ್ಲಿನ ಫಿನ್ನಿಶ್ ಸಂಘದ್ದು, ಬೆರಳಿನ ಅಂದಾಜಿನಲ್ಲಿ ಕಲಿತೆ. ನಿನ್ನ ಕಾಗದಗಳನ್ನು ಎರಡನೆಯ ಮಹಡಿಯ ಹಿಲ್ಕಾ ಗುರುವಾರದ ಕಾಫಿಗೆ ಬಂದಾಗ ಓದಿ ಹೇಳುತ್ತಾಳೆ. ಒಳ್ಳೆಯವಳು, ದೈವಭಕ್ತೆ. ಆಗಸ್ಟಿನಲ್ಲಿ ಮಗಳ ಬಾಣಂತನಕ್ಕೆ ಉಮಿಯೋ ಊರಿಗೆ ಹೋಗಿದ್ದಳು. ಮೊನ್ನೆ ಗುರುವಾರ ಎರಡನ್ನೂ ಒಟ್ಟಿಗೆ ಓದಿದಳು. ನೀನು ದೆವ್ವದ ಹೆಸರು ಬರೆದ ಕಡೆಯಲ್ಲೆಲ್ಲ ಅವಳು ಓದದೆ ಕೆಮ್ಮಿ ಮುಂದಕ್ಕೆ ಹೋಗುತ್ತಾಳೆ. ಎರಡೂ ಕಡೆ ಜೋರಾಗಿಯೇ ಕೆಮ್ಮಿದಳು. ಓದಿ ಮುಗಿಸಿ, "ಪಾಪ, ಈ ಮನುಷ್ಯನಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ರೀ" ಎಂದಳು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಹಿತ್ತಾಳೆ ಆರಿಸಿದವನು ನಾನೇ. ಬೇರೆ ಯಾರೂ ಇಲ್ಲ. ತಕ್ಕಡಿಯ ಎರಡು ಬದಿಗೆ ಒಂದೊಂದು ಇಟ್ಟು ಯಾವುದು ಇಳಿಯಿತು ಎಂದು ಬೆರಳಲ್ಲಿ ಮುಟ್ಟಿ ನೋಡಿದೆ. ಕುತ್ತಿಗೆಯನ್ನು ಹೆಬ್ಬೆರಳಿನ ಉಗುರಿನಲ್ಲಿ ತಿರುಗಿಸಿ ನೋಡಿದೆ. ನಯವಾಗಿದ್ದರೆ ಸ್ವಚ್ಛ ಎಂದುಕೊಂಡೆ. ಕಿಲುಬಿನ ಕಲೆ ಬೆರಳಿಗೆ ಸಿಗುವುದಿಲ್ಲ ಸುಲೋ. ನೀನು ಪುಡಿ ಒರೆಸದೆ ಹಾಗೇ ಬಿಟ್ಟಿದ್ದರೆ ನಾನು ಬೈಯುತ್ತಿದ್ದೆ.

ಎಲ್ಮಾಳ ಮಣ್ಣಿಗೆ ಹೊರಟಿದ್ದೆ. ಸ್ಟಾಕ್‌ಹೋಮಿನ ಬಂದರಿನವರೆಗೆ ಬಂದೆ. ಕಪ್ಪು ಕೋಟು ಹಾಕಿದ್ದೆ. ಯಾವ ಬಾಗಿಲು ಎಂದು ಬೋರ್ಡು ಓದಲಾಗಲಿಲ್ಲ, ಹಡಗಿನ ಏಣಿಯಲ್ಲಿ ಎಡವಿ ಬಿದ್ದೆ. ಅಲ್ಲಿದ್ದವನು ಕುಡಿದಿದ್ದಾನೆ ಎಂದು ನನ್ನನ್ನು ಕೆಳಗಿಳಿಸಿದ. ಫಿನ್‌ಲೆಂಡಿನವನು ಎಡವಿದರೆ ಇಲ್ಲಿ ಬೇರೆ ಕಾರಣ ಹುಡುಕುವುದಿಲ್ಲ. ಕಣ್ಣು ಕಾಣುವುದಿಲ್ಲ ಎಂದು ಅವನಿಗೆ ಹೇಳಬಹುದಿತ್ತು. ಜನ ಸಾಲಾಗಿ ನಿಂತು ನೋಡುತ್ತಿದ್ದರು, ಬಾಯಿ ಬರಲಿಲ್ಲ. ಹಡಗು ಹೋದ ಮೇಲೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನಾನು ಬರುತ್ತೇನೆ ಎಂದು ನೀನು ನಂಬಿರುವವರೆಗೆ ನನಗೆ ಹೋಗಲು ಒಂದು ಜಾಗವಿತ್ತು. ಹೇಳಿಬಿಟ್ಟರೆ ಈ ಮೂರನೆಯ ಮಹಡಿಯ ಮನೆಯೊಂದೇ ಉಳಿಯುತ್ತದೆ. ಇಲ್ಲಿನ ನಮ್ಮವರು ಕೆಲವರು ಸತ್ತರು, ಕೆಲವರು ಊರಿಗೆ ವಾಪಸಾದರು. ವಾರದಲ್ಲಿ ಆರು ದಿನ ಯಾರ ಧ್ವನಿಯೂ ಕೇಳುವುದಿಲ್ಲ. ರೇಡಿಯೋವನ್ನು ಮನುಷ್ಯ ಎಂದು ಲೆಕ್ಕಕ್ಕೆ ಹಿಡಿಯಲಾಗದು.

ಈಗ ಹೇಳುವುದನ್ನು ಹೇಳಿದೆ. ತೌನೋಗೆ ತಿಳಿಸು, ನನ್ನ ಜಾಗ ಕೊಟ್ಟುಬಿಡಲಿ. ರೈಫಲ್ಲು ನೀನು ಇಟ್ಟುಕೋ. ಕಣ್ಣಿನ ವಿಷಯ ಸಂಘದಲ್ಲಿ ಹೇಳಬೇಡ, ಕರುಣೆಯ ಮಾತು ನನ್ನಿಂದ ತಡೆಯಲಾಗದು. ನೋಡಲು ಬರುತ್ತೇನೆ ಎಂದು ನೀನೂ ಹೊರಡಬೇಡ. ಬೇಟೆ ಬಿಟ್ಟು ಬರಬೇಡ, ಖಂಡಿತ ಬರಬೇಡ. ಕಾಗದ ಬರೆ, ಅಷ್ಟು ಸಾಕು.

ಆಹ್ತಿ


ಸೌಕ್ಕೊವಾರಾ
19 ಸೆಪ್ಟೆಂಬರ್ 1993

ಆಹ್ತಿ,

ಹಿಲ್ಕಾ ಅವರಿಗೆ ನಮಸ್ಕಾರ. ನೀವು ಕೆಮ್ಮುವಂಥದ್ದು ಈ ಕಾಗದದಲ್ಲಿ ಏನೂ ಇಲ್ಲ, ಧೈರ್ಯವಾಗಿ ಓದಿ.

ನಿನ್ನ ಕಾಗದ ಬಂದು ಒಂದು ವಾರವಾಯಿತು. ಮೊದಲ ದಿನ ಓದಿ ಸೌದೆ ಒಡೆಯಲು ಹೋದೆ. ಮೂರು ದಿನ ಒಡೆದೆ, ಎರಡು ಚಳಿಗಾಲಕ್ಕಾಗುವಷ್ಟು ಸೌದೆ ಆಗಿದೆ. ನನ್ನ ಮೇಲೆ ನನಗೇ ಸಿಟ್ಟು. "ಕಣ್ಣಿದ್ದವನು ಬರೆಯುವ ಮಾತೇ" ಎಂದು ಬರೆದವನು ನಾನು. ಆ ಸಾಲನ್ನು ಹಿಲ್ಕಾ ಓದುವಾಗ ನೀನು ಎದುರಿಗೆ ಕೂತು ಕೇಳಿದೆಯಲ್ಲ, ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ. ಎರಡೂವರೆ ವರ್ಷ ನಿನ್ನನ್ನು ಎಲ್ಮಾಳ ಮಣ್ಣಿಗೆ ಬಾರದವನು ಎಂದು ಮನಸ್ಸಿನಲ್ಲಿ ಬೈದುಕೊಂಡೆ. ನೀನು ಕಪ್ಪು ಕೋಟು ಹಾಕಿ ಬಂದರಿನ ಬೆಂಚಿನ ಮೇಲೆ ಕೂತಿದ್ದೆ. ಕ್ಷಮಿಸು ಎಂದು ಬರೆಯುವುದು ನನಗೆ ಅಭ್ಯಾಸವಿಲ್ಲ, ಬರೆದಿದ್ದೇನೆ ಎಂದು ತಿಳಿ.

ನಿನ್ನೆ ಸಭೆ ಆಯಿತು. ಕಣ್ಣಿನ ಮಾತು ಎತ್ತಲಿಲ್ಲ. ಎದ್ದು ನಿಂತು, "ಆಹ್ತಿ ತನ್ನ ಜಾಗ ಬಿಟ್ಟುಕೊಟ್ಟಿದಾನೆ" ಎಂದೆ. ಡೇರಿಯ ಮಾರ್ಕೆತ್ತಾ ಕೇಳಿಕೊಂಡಳು, ಅವಳಿಗೇ ಕೊಟ್ಟರು. ಚೆನ್ನಾಗಿ ಗುರಿ ಹಿಡಿಯುತ್ತಾಳೆ, ನಿನಗೆ ಬೇಸರವಾಗಲಾರದು. ಆಮೇಲೆ ನಾನು ಕೂರದೆ ನಿಂತೇ ಇದ್ದೆ.

"ಇನ್ನೇನಪ್ಪ?" ಎಂದ ತೌನೋ.

"ನನ್ನ ಜಾಗಕ್ಕೂ ಈ ಸಲ ಬೇರೆಯವರನ್ನ ನೋಡ್ಕೊ. ನಾನು ಇರಲ್ಲ."

"ಲೋ, ಬೇಟೆ ಮೊದಲನೇ ದಿನ ಊರು ಬಿಟ್ಟು ಹೋಗ್ತೀಯಾ? ನಲವತ್ತೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿದೋನಲ್ಲ ನೀನು. ಎಲ್ಮಾಗೆ ಹೆರಿಗೆ ನೋವು ಬಂದಾಗ್ಲೂ ಸಾಯಂಕಾಲ ಆದ್ಮೇಲೆ ಹೋದೋನು!"

"ಅದಕ್ಕೆ ಅವಳು ಸಾಯೋವರೆಗೂ ಬೈದಳು ಕಣೋ. ಇನ್ನೊಂದು ಸಲ ಬೈಸ್ಕೊಳ್ಳೋಕೆ ಆಗಲ್ಲ."

ಅವರೆಲ್ಲ ನಕ್ಕರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ನಮ್ಮ ಊರಿನವರು ಒಳ್ಳೆಯವರು.

ನೀನು ಬರಬೇಡ ಎಂದು ಬರೆದಿದ್ದೀಯ, ಎರಡು ಸಲ. ಇದಕ್ಕೂ ಹಾಗೆಯೇ ಉತ್ತರ ಬರೆಯುತ್ತೀಯ ಎಂದು ಗೊತ್ತು. ಸ್ವೀಡಿಷ್ ಭಾಷೆ ನನಗೆ ಒಂದಕ್ಷರ ಬಾರದು, ಸೈನ್ಯದಲ್ಲಿದ್ದ ವರ್ಷ ಬಿಟ್ಟರೆ ಊಲು ನಗರವನ್ನೂ ದಾಟಿದವನಲ್ಲ. ಆದರೂ ಲೆಕ್ಕ ಹಾಕಿದ್ದೇನೆ. ಅಂಚೆಯ ಹೆಂಗಸನ್ನು ಕೇಳಿದೆ, ಇವತ್ತು ಪೆಟ್ಟಿಗೆಗೆ ಹಾಕಿದರೆ ಬುಧವಾರ ನಿನ್ನ ಮನೆಗೆ ತಲುಪುತ್ತದಂತೆ. ಬುಧವಾರ ನಿನಗೆ ಓದಲಾಗದು. ಗುರುವಾರ ಹಿಲ್ಕಾ ಬರಬೇಕು, ಕಾಫಿ ಕುಡಿಯಬೇಕು, ಆಮೇಲೆ ಲಕೋಟೆ ಒಡೆಯಬೇಕು. ನಾನು ಹತ್ತುವ ಬಸ್ಸು ಕಾಯಾನಿಯಿಂದ ಗುರುವಾರ ಬೆಳಗ್ಗೆ ಹೊರಡುತ್ತದೆ. ಬೇಡ ಎಂದು ನೀನು ಎಷ್ಟು ಬೇಗ ಬರೆದರೂ, ಅದನ್ನು ಓದಲು ಸೌಕ್ಕೊವಾರಾದ ಈ ಮನೆಯಲ್ಲಿ ಯಾರೂ ಇರುವುದಿಲ್ಲ.

ಸುಲೋ